ಗುಡ್ಡ ಓಡೂ ಅಪ್ಪಗೋಳಿಗೆ ಒಂದು ಲೆಕ್ಕ

ಈ ಸಲ ಬೆಂಗಳೂರಿಗೆ ಹೋಗಿ ಮಗನ ಮನ್ಯಾಗ ನಾಲ್ಕು ತಿಂಗಳು ಇದ್ದು ಬಂದೆ. ಹೋಗೂ ಮುಂದ ಚಟ್ನಿಪುಡಿ, ಸಂಡಿಗಿ, ಹಪ್ಪಳ ಹೊತ್ಕೊಂಡು ಹೋಗಿದ್ದೆ, ಬರೂ ಮುಂದ ತೆಲಿಯೊಳಗ ಒಂದು ಶಬ್ದ ಹೊತ್ಕೊಂಡು ಬಂದೆ. ‘ಬ್ಯಾಲೆನ್ಸ್’. ನಮ್ಮ ಮಗ ದಿನಕ್ಕ ಹತ್ತು ಸಲ ಅಂತಾನ. “ಅವ್ವಾ, ನೌಕರಿ, ಮನಿ, ಓಟ, ಎಲ್ಲಾ ಬ್ಯಾಲೆನ್ಸ್ ಮಾಡ್ತೀನಿ ನಾ.” ಅವನ ಗೆಳ್ಯಾರು ಮನಿಗೆ ಬಂದ್ರೂ ಅದ ಮಾತು. ಎಲ್ಲಾರೂ ಸಣ್ಣ ಮಕ್ಕಳ ಅಪ್ಪಗೋಳು, ಎಲ್ಲಾರೂ ಗುಡ್ಡ ಓಡವರು. ನಾ ಚಹಾ ಕೊಡ್ಕೋತ ಕೇಳ್ತಿದ್ದೆ. ಬ್ಯಾಲೆನ್ಸ್ ಅಂದ್ರ ತಕ್ಕಡಿ ಹೌದಲ್ರಿ? ತಕ್ಕಡಿಗೆ ಎರಡು ಪರಡಿ ಇರ್ತಾವ. ಒಂದರಾಗ ಇವ ಕೂತಾನ. ಇನ್ನೊಂದರಾಗ ಯಾರನ್ನ ಕೂಡಿಸ್ಯಾನ?

ಗುಡ್ಡ ಓಡೂದು ಅಂದ್ರ ಏನಂತ ಗೊತ್ತಿಲ್ಲದವರಿಗೆ ಹೇಳ್ತೀನಿ, ನನಗೂ ಮೊದಲ ಗೊತ್ತಿರ್ಲಿಲ್ಲ. ಇದು ನಾವು ಕೆ.ಸಿ. ಪಾರ್ಕಿನ್ಯಾಗ ವಾಕಿಂಗ್ ಹೋದಂಗ ಅಲ್ಲ. ಡಾಂಬರ್ ರಸ್ತಾದ ಮ್ಯಾರಥಾನ್ ಸುದ್ದಾ ಅಲ್ಲ, ಅದು 42 ಕಿಲೋಮೀಟರಿಗೆ ಮುಗದುಹೋಗ್ತದ. ಇದರಾಗ ಕಾಡು, ಕಲ್ಲು, ಕಾಫಿ ತೋಟದ ಕಾಲುದಾರಿ, ಹತ್ತೂದು, ಇಳಿಯೂದು. ಟ್ರೇಲ್ ರನ್ನಿಂಗ್ ಅಂತಾರ, 42 ದಾಟಿದ್ರ ಅಲ್ಟ್ರಾ ಅಂತಾರ. ಚಿಕ್ಕಮಗಳೂರು ಕಡೆ ಇಂಥಾ ಓಟ ನಡೀತಾವ. ಇವರ ಕಾಶಿ ಅಂದ್ರ ಫ್ರಾನ್ಸಿನ ಶಾಮೊನಿ ಅನ್ನೋ ಊರು. ಅಲ್ಲಿ 2003ರಿಂದ ಒಂದು ಓಟ ಅದ, ಯು.ಟಿ.ಎಂ.ಬಿ. ಅಂತ. ಮಾಂಟ್ ಬ್ಲಾಂಕ್ ಪರ್ವತಕ್ಕ ಪ್ರದಕ್ಷಿಣಿ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶ ದಾಟಿ ಸುಮಾರು 170 ಕಿಲೋಮೀಟರ್, ಒಟ್ಟು ಹತ್ತೂದು ಸುಮಾರು 10,000 ಮೀಟರ್. ನಮ್ಮ ಮುಳ್ಳಯ್ಯನಗಿರಿ ಎತ್ತರ 1,930 ಮೀಟರ್. ಅದನ್ನ ಸಮುದ್ರದ ದಂಡಿಯಿಂದ ಐದು ಸಲ ಹತ್ತಿಳಿದಂಗ ಆತು. ನಮ್ಮ ಮಗನ ಪರ್ಸಿನ್ಯಾಗ ಹೆಂಡ್ತಿ ಫೋಟೋ ಅದನೋ ಇಲ್ಲೋ ನನಗ ಗೊತ್ತಿಲ್ಲ, ಫೋನಿನ ಮ್ಯಾಲೆ ಮಾತ್ರ ಆ ಪರ್ವತದ ಫೋಟೋ ಅದ.

ಓಡೂದು ಕೆಟ್ಟದ್ದು ಅಂತ ನಾ ಅನ್ನಂಗಿಲ್ಲ. ಮೂವತ್ತಕ್ಕ ಹೊಟ್ಟಿ ಮುಂದ ಬಂದಿತ್ತು, ಬಿ.ಪಿ. ಏರಿತ್ತು, ಎಲ್ಲಾ ಇಳೀತು. ಗುಡ್ಡದಿಂದ ಬಂದಾಗ ಅವನ ಮಾರಿ ನೋಡಬೇಕು ನೀವು. ಸಣ್ಣಾಂವ ಇದ್ದಾಗ ಕೆರಿಯಾಗ ಈಸು ಬಿದ್ದು ಬರ್ತಿದ್ನಲ್ಲ, ಅದ ಮಾರಿ. ತಾಯಿಗೆ ಅದು ಬ್ಯಾಡಾಗ್ತದೇನು? ನನ್ನ ಜಗಳ ಓಟದ ಜೊತಿ ಇಲ್ಲ. ಆ ಒಂದು ಶಬ್ದದ ಜೊತಿ ಅದ, ಆ ಶಬ್ದ ಮುಚ್ಚಿಟ್ಟ ಲೆಕ್ಕದ ಜೊತಿ ಅದ.

ಹಾಲಿನವರ ಲೆಕ್ಕ ಮೂವತ್ತು ವರ್ಷ ಇಟ್ಟಾಕಿ ನಾನು. ಅಡಗಿಮನಿ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ್ಯಾಗ ಒಂದು ತಿಂಗಳು ನೀಲಿ ಪೆನ್ನಿನಿಂದ ಅವನ ತಾಸು ಬರದೆ, ಯಾರಿಗೂ ಹೇಳದ. ವಾರದಾಗ ನಾಲ್ಕು ದಿನ ನಸುಕಿನ್ಯಾಗ ನಾಲ್ಕೂವರಿಗೆ ಹೋಗಿ ಆರೂವರಿಗೆ ಬರ್ತಾನ, ಅದು ಎಂಟು ತಾಸು. ಶನಿವಾರ ನಂದಿಬೆಟ್ಟ. ಬೆಂಗಳೂರಿಂದ 60 ಕಿಲೋಮೀಟರ್ ಚಿಲ್ಲರ, ಮುಂಜಾನೆ ಮೂರೂವರಿಗೆ ಕಾರು ತಗದ್ರ ಮನಿಗೆ ಬರೂದು ಮಧ್ಯಾಹ್ನ ಹನ್ನೆರಡಕ್ಕ, ಎಂಟೂವರಿ ತಾಸು. ರವಿವಾರ ‘ಈಝಿ ರನ್’ ಎರಡು ತಾಸು. ಕೂಡಿಸಿದ್ರ ವಾರಕ್ಕ ಹದಿನೆಂಟೂವರಿ. ಇದರಾಗ ಶನಿವಾರ ಮಧ್ಯಾಹ್ನದ ನಿದ್ದಿ ಹಿಡಿದಿಲ್ಲ. ಅದಕ್ಕ ರಿಕವರಿ ಅಂತಾರ. ಊಟ ಆದ ಮ್ಯಾಲೆ ಪಡಸಾಲ್ಯಾಗ ಪಾರ್ಸೆಲ್ ಬಂದು ಬಿದ್ದಂಗ ಬಿದ್ದಿರ್ತಾನ, ಕೂಸು ಮ್ಯಾಲೆ ಹತ್ತಿದ್ರ “ಅಯ್ಯೋ, ತೊಡಿ, ತೊಡಿ” ಅಂತ ಒದರ್ತಾನ. ಗುಡ್ಡ ಹತ್ತೂದಕ್ಕಿಂತ ಇಳಿಯೂದ ತೊಡಿ ಕೊಲ್ತದಂತ. ಮರುದಿನ ಅಪಾರ್ಟ್‌ಮೆಂಟಿನ ಮೆಟ್ಲು ಹಿಂದ ಮುಂದಾಗಿ ಇಳೀತಿದ್ದ, ಕೆಳಗಿನ ಮನಿಯವರು ಏನಾತ್ರಿ ಅಂತ ನನ್ನ ಕೇಳಿದ್ರು.

ಆಮ್ಯಾಲೆ ಸೊಸಿದು ಬರೀಲಿಕ್ಕೆ ಕೆಂಪು ಪೆನ್ನು ತಗೊಂಡೆ. ಆಕಿನೂ ನೌಕರಿ ಮಾಡ್ತಾಳ, ಅವನಷ್ಟ ಪಗಾರ ತರ್ತಾಳ. ನೌಕರಿ, ಅಡಗಿ, ಕೂಸು, ಸಂತಿ ಬಿಟ್ಟು ತನಗಂತ ಆಕಿ ಮನಿ ಹೊರಗ ಕಳದದ್ದು ನಾಲ್ಕು ವಾರದಾಗ ಒಂದು ತಾಸು ಹತ್ತು ನಿಮಿಷ. ಹಲ್ಲಿನ ಡಾಕ್ಟರ್ ಕಡೆ ಹೋಗಿದ್ಳು.

ಇದು ನಮ್ಮ ಒಂದ ಮನಿ ಸುದ್ದಿ ಅಂತ ತಿಳೀಬ್ಯಾಡ್ರಿ. 2019ರಾಗ ಸರ್ಕಾರದವ್ರು ದೇಶದ ತುಂಬ ಮಂದಿ ಹೊತ್ತು ಹ್ಯಾಂಗ ಕಳೀತಾರಂತ ಸಮೀಕ್ಷೆ ಮಾಡಿದ್ರು. ಪಗಾರ ಇಲ್ಲದ ಮನಿಗೆಲಸಕ್ಕ ಹೆಂಗಸರು ದಿನಕ್ಕ 299 ನಿಮಿಷ, ಗಂಡಸರು 97 ನಿಮಿಷ. ಇದೂ ಮನಿಗೆಲಸ ಮಾಡವರ ಲೆಕ್ಕ ಅಷ್ಟ. ಮಾಡವರು ಎಷ್ಟು ಮಂದಿ ಅಂದ್ರ ನೂರು ಹೆಂಗಸರಾಗ 81, ನೂರು ಗಂಡಸರಾಗ 26. ಉಳದ 74 ಗಂಡಸರು ಎಲ್ಲಿದ್ರು ಅಂತ ಸಮೀಕ್ಷೆಯೊಳಗ ಬರದಿದ್ರೂ ನಮಗ ಗೊತ್ತದ.

ನಾ ಲೆಕ್ಕ ತೋರಿಸಿದಾಗ ಮಗ ಹೇಳಿದ ಮೊದಲನೇ ಮಾತು: “ಅವ್ವಾ, ನೀವೆಲ್ಲಾ ಮಲಗಿದ್ದಾಗ ಓಡಿ ಬರ್ತೀನಿ. ಯಾರ ಟೈಮೂ ತಗೊಳ್ಳಂಗಿಲ್ಲ.” ಈ ಮಾತು ಗುಡ್ಡ ಓಡೂ ಎಲ್ಲಾ ಅಪ್ಪಗೋಳೂ ಹೇಳ್ತಾರ, ಮಂತ್ರ ಇದ್ದಂಗ. ಕೇಳ್ಲಿಕ್ಕೆ ಛಂದ ಅದ. ನಾ ನಾಲ್ಕು ತಿಂಗಳು ಆ ಪಡಸಾಲ್ಯಾಗ ಮಲಗಿ ನೋಡೀನಿ. ನಾಲ್ಕೂವರಿಗೆ ಬಾಗಲದ ಚಿಲಕ ಸಪ್ಪಳ ಆಗ್ತದ. ಪುಟ್ಟಿಗೆ ಇಪ್ಪತ್ತು ತಿಂಗಳು, ಅದರ ಕಿವಿ ಬೆಕ್ಕಿನ ಕಿವಿ. ಅದು ಎದ್ದ ಏಳ್ತದ, ಅದರ ಜೊತಿ ಸೊಸಿ ಏಳ್ತಾಳ. ಇನ್ನ ನಾಲ್ಕಕ್ಕ ಏಳಾಂವ ಒಂಬತ್ತಕ್ಕ ಮಲಗಬೇಕಲ್ಲ? ಒಂಬತ್ತರ ಮ್ಯಾಲಿನ ರಾತ್ರಿ ಯಾರ ಪಾಲಿಗೆ ಬಂತು? ಕೂಸು ಹನ್ನೊಂದಕ್ಕ ಅಳ್ತದ, ಎರಡಕ್ಕ ಅಳ್ತದ. “ಅವರು ನಸುಕಿನ್ಯಾಗ ಏಳಬೇಕಲ್ರೀ ಅತ್ತಿ, ಮಲಗಲಿ” ಅಂತ ಸೊಸಿ ಕೂಸನ್ನ ಎತ್ಕೊಂಡು ಇನ್ನೊಂದು ಖೋಲಿಗೆ ಹೋಗ್ತಾಳ. ಇವ ಯಾರ ಹೊತ್ತೂ ತಗೊಂಡಿಲ್ಲ, ಖರೆ. ನಿದ್ದಿ ತಗೊಂಡಾನ.

ಎರಡನೇ ಮಾತು, “ಫ್ಯಾಮಿಲಿನ ಕರ್ಕೊಂಡ ಹೋಗ್ತೀನಲ್ಲ.” ಒಮ್ಮೆ ಹೋಗಿದ್ವಿ. ಹೋಂಸ್ಟೇ ಛಲೋ ಇತ್ತು, ಅಕ್ಕಿ ರೊಟ್ಟಿ ಛಲೋ ಇತ್ತು. ಇವ ಓಡಿದ ದಿನ ಪೂರಾ ನಾವು ಕಾಫಿ ತೋಟದ ದಂಡಿಗೆ ಜಿಟಿಜಿಟಿ ಮಳ್ಯಾಗ ಬಾಳಿಹಣ್ಣು, ಉಪ್ಪು ಹಚ್ಚಿದ ಬಟಾಟಿ, ಒಣ ಸಾಕ್ಸ್ ಹಿಡ್ಕೊಂಡು ನಿಂತಿದ್ವಿ. ಇವ ಬಂದ, ಬಟಾಟಿ ತಿಂದ, ಪುಟ್ಟಿ ಗಲ್ಲ ಹಿಂಡಿದ, ಹೋದ. ನಾಲ್ಕು ನಿಮಿಷ. ಮತ್ತ ಮೂರು ತಾಸಿಗೆ ಬಂದ. ನಮ್ಮ ಕಾಲಿಗೆ ಜಿಗಣಿ ಹತ್ತಿದ್ವು. ಇದಕ್ಕ ಅವರು ಕ್ರೂ ಅಂತಾರ. ನಮ್ಮ ಕಡೆ ಇದಕ್ಕ ಚಾಕರಿ ಅಂತ ಮೊದಲಿಂದ ಒಂದು ಶಬ್ದ ಅದ.

“ಮಗಳು ನನ್ನ ನೋಡಿ ಕಲೀತಾಳ” ಅನ್ನೂದು ಮೂರನೇದು. ಕಲೀತಾಳಪ್ಪಾ. ಓಡವರು ಯಾರು, ಬಾಗಲದಾಗ ನಿಂತು ಟಾಟಾ ಮಾಡವರು ಯಾರು, ಎರಡನ್ನೂ ಕಲೀತಾಳ.

ಇನ್ನ ಆ ರಾತ್ರಿ ಸುದ್ದಿಗೆ ಬರ್ತೀನಿ. ಇದನ್ನ ಬರೀಲಿಕ್ಕೆ ನನಗ ಸಂಕೋಚ ಅದ, ಯಾಕಂದ್ರ ತಪ್ಪು ನಂದೂ ಅದ.

ಅವಂದು 80 ಕಿಲೋಮೀಟರಿನ ಓಟ ಇತ್ತು. ಆ ಸಲ ಮಳಿ ಭಾಳ ಅಂತ ನಾವು ಬೆಂಗಳೂರಾಗ ಉಳದ್ವಿ. ಮುಂಜಾನೆ ಆರಕ್ಕ ಓಟ ಶುರು ಆಗಿತ್ತು. ಸಂಜಿ ಮುಂದ ಪುಟ್ಟಿ ಮೈ ಬಿಸಿ ಆತು. ಎಂಟಕ್ಕ ನೋಡಿದ್ರ 103. ಔಷಧಿ ಹಾಕಿದ್ವಿ, ಒದ್ದಿ ಅರಿವಿಲೆ ಮೈ ಒರಸಿದ್ವಿ, ಇಳೀವಲ್ತು. ಸೊಸಿ ಫೋನಿನ್ಯಾಗ ನೋಡಿದ್ಳು, ಅವ 66ನೇ ಕಿಲೋಮೀಟರ್ ದಾಟ್ಯಾನಂತ ತೋರಸ್ತಿತ್ತು. ಫೋನು ಅವನ ಚೀಲದಾಗ ಇರ್ತದ. ಈ ಓಟದ ಚೀಲದಾಗ ಏನೇನು ಇರಬೇಕಂತ ಕಡ್ಡಾಯದ ಪಟ್ಟಿ ಇರ್ತದ್ರಿ: ಹಣಿಗೆ ಕಟ್ಟೂ ದೀಪ, ಸೀಟಿ, ಥಂಡಿಗೆ ಹೊದ್ಕೊಳ್ಳೂ ಬೆಳ್ಳಿ ಹಾಳಿಯಂಥಾ ಹೊದಿಕಿ, ಫೋನು. ಗುಡ್ಡದಾಗ ಏನರೆ ಆದ್ರ ಅಂತ. ಮನ್ಯಾಗ ಏನರೆ ಆದ್ರ ಅನ್ನೂದಕ್ಕ ಪಟ್ಟಿ ಇಲ್ಲ.

ಸೊಸಿ ಫೋನು ಹಚ್ಚಲಿಕ್ಕೆ ಬಟ್ಟು ಇಟ್ಟಿದ್ಳು. ನಾ ಅಂದೆ, “ಬ್ಯಾಡ ತಂಗಿ. ಇನ್ನ ಹದಿನಾಲ್ಕ ಕಿಲೋಮೀಟರ್ ಉಳದದ. ಆರು ತಿಂಗಳು ಒದ್ದಾಡ್ಯಾನ. ಅವ ಬಂದ್ರೂ ಏನ್ ಮಾಡ್ತಾನ, ನಾವಿಬ್ರು ಇದ್ದೀವಲ್ಲ.” ಆಕಿ ನನ್ನ ಮಾರಿ ನೋಡಿದ್ಳು. ಏನೂ ಅನ್ನಲಿಲ್ಲ. ಫೋನು ಕೆಳಗಿಟ್ಳು.

ಹತ್ತಕ್ಕ ಆಟೋ ಮಾಡ್ಕೊಂಡು ದವಾಖಾನಿಗೆ ಹೋದ್ವಿ. ಹನ್ನೊಂದೂಕಾಲಿಗೆ ಅವನ ಫೋನು ಬಂತು. “ಮುಗಿಸಿದೆ! ಪುಟ್ಟಿ ಮಲಗೇದೇನು?” ಸೊಸಿ ದವಾಖಾನಿ ಬಾಕಿನ ಮ್ಯಾಲೆ ಕೂತಿದ್ಳು, ಕೂಸು ಹೆಗಲ ಮ್ಯಾಲಿತ್ತು. “ಹೂಂ, ಮಲಗೇದ. ಛಲೋ ಆತು. ನೀವು ಏನರೆ ತಿಂದು ಮಲ್ಕೋರಿ” ಅಂದ್ಳು.

ವೈರಲ್ ಜ್ವರ, ಮೂರು ದಿನದಾಗ ಇಳೀತು. ಅವ ಬಂದು ಮೆಡಲ್ ಪುಟ್ಟಿ ಕೊಳ್ಳಾಗ ಹಾಕಿ ಫೋಟೋ ತಗದ ಮ್ಯಾಲೆ ಸಂಗತಿ ಗೊತ್ತಾತು. “ಯಾಕ ಹೇಳಲಿಲ್ಲ ನನಗ? ನಾ ಬಿಟ್ಟು ಬರ್ತಿದ್ದೆ” ಅಂತ ಅಳಲಿಕ್ಕೆ ಹತ್ತಿದ. ಅವ ಬಿಟ್ಟು ಬರ್ತಿದ್ದ, ಅದರಾಗ ನನಗ ಸಂಶಯ ಇಲ್ಲ. ನನ್ನ ಮಗ ಕೆಟ್ಟಾಂವ ಅಲ್ಲ. ಆದ್ರ ಅವನ ಪ್ರಶ್ನಿ ತಿರುಗಿ ನೋಡ್ರಿ. ಹೇಳಬಾರದು ಅಂತ ಇಬ್ಬರು ಹೆಂಗಸರಿಗೆ ಯಾಕ ಅನಸ್ತು? ಸೊಸಿ ರಾತ್ರಿ ಖೋಲಿ ಬದಲ್ ಮಾಡೂದು ಹೇಳಿಲ್ಲ, ಹಲ್ಲಿನ ಡಾಕ್ಟರನ್ನ ಮೂರು ಸಲ ಮುಂದ ಹಾಕಿದ್ದು ಹೇಳಿಲ್ಲ, ನನ್ನ ಮೊಣಕಾಲು ಬಾತಿದ್ದು ನಾ ಹೇಳಿಲ್ಲ. ಅವನ ಬ್ಯಾಲೆನ್ಸ್ ನಿಂತದ್ದ ನಾವು ಹೇಳಲಾರದ ಮಾತಿನ ಮ್ಯಾಲೆ. ಓಡಿದ್ದನ್ನ ಬರಕೊಳ್ಳಲಿಕ್ಕೆ ಅವರ ಫೋನಿನ್ಯಾಗ ಸ್ಟ್ರಾವಾ ಅಂತ ಒಂದು ಆ್ಯಪ್ ಅದ. ಎಷ್ಟು ದೂರ, ಎಷ್ಟು ಎತ್ತರ, ಎದಿ ಎಷ್ಟು ಸಲ ಬಡೀತು, ಎಲ್ಲಾ ಬರ್ತದ. ಗೆಳ್ಯಾರು ಹೆಬ್ಬೆಟ್ಟು ಒತ್ತಿ ಶಭಾಷ್ ಅಂತಾರ. ಆ ಎಂಟೂವರಿ ತಾಸು ಕೂಸು ಯಾರ ಕಡೆ ಇತ್ತು ಅನ್ನೂದಕ್ಕ ಅದರಾಗ ಮನಿ ಇಲ್ಲ.

ಈ ಹೇಳದ ಇರೂದನ್ನ ಸೊಸಿ ಎಲ್ಲಿ ಕಲತ್ಳೋ ಗೊತ್ತಿಲ್ಲ, ಮಗ ಅದನ್ನ ಕಲತದ್ದು ನನ್ನ ಮನ್ಯಾಗ. ನಮ್ಮ ಮನಿಯವ್ರು ಓಡಲಿಲ್ಲ, ಅವರಿಗೆ ಗಾಯನದ ಹುಚ್ಚು. 1990ರ ಆಚೀಚಿನ ಧಾರವಾಡ-ಹುಬ್ಬಳ್ಳಿ ನಿಮಗ ಗೊತ್ತಲ್ರಿ. ಭೀಮಸೇನ ಜೋಶಿಯವರ ಗಾಯನ ಅಂದ್ರ, ಗಂಗೂಬಾಯಿ ಹಾನಗಲ್ಲರ ಗಾಯನ ಅಂದ್ರ ಇವರು ಸಂಜಿಗೆ ಹೋದ್ರ ನಸುಕಿಗೆ ಬರವರು. ಊರಾಗ ಎಲ್ಲಾರೂ ರಸಿಕರು ಅಂತ ಹೊಗಳವರು. ನಾ ಸಾಲ್ಯಾಗ ಹಾಡ್ತಿದ್ದೆ, ಬಹುಮಾನ ಬಂದಿದ್ವು. ಮದಿವಿ ಆದ ಮ್ಯಾಲೆ ಹದಿನೈದು ವರ್ಷದಾಗ ಅಂಥಾ ಬೈಠಕ್ ಕುಂತು ಕೇಳಿದ್ದು ಎರಡು ಸಲ, ಅದರಾಗ ಒಮ್ಮೆ ಮಗ ಅತ್ತ ಅಂತ ನಡುವ ಎದ್ದು ಬಂದೆ. ಉಳದದ್ದು ಆಕಾಶವಾಣಿಯೊಳಗ, ಭಕ್ರಿ ಬಡಕೋತ. ಮರುದಿನ ಇವರು ಮಲಗಿರ್ತಿದ್ರು. ನಾ ಮಕ್ಕಳಿಗೆ ಅಂತಿದ್ದೆ, “ಗದ್ಲ ಮಾಡಬ್ಯಾಡ್ರಿ, ಅಪ್ಪ ಮಲಗ್ಯಾರ.”

ಹೋದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಸೊಸಿ ಪುಟ್ಟಿಗೆ ಅದನ್ನ ಅಂದ್ಳು. ಶಬ್ದ ಸುದ್ದಾ ಅವ.

ಆಕಿನ ನನಗ ಒಂದು ಫೋಟೋ ತೋರಿಸಿದ್ಳು. 2018ರದು, ಅದ ಶಾಮೊನಿ ಓಟದ್ದು. ಸೋಫಿ ಪವರ್ ಅಂತ ಒಬ್ಬ ಇಂಗ್ಲಿಷ್ ಹೆಣ್ಣುಮಗಳು ಇಟಲಿಯ ಕುರ್ಮಯೋರ್ ಅನ್ನೋ ಊರಾಗ, ಅಂದ್ರ ಸುಮಾರು 80 ಕಿಲೋಮೀಟರ್ ಓಡಿ ಬಂದ ಮ್ಯಾಲೆ, ಮೂರು ತಿಂಗಳ ಕೂಸಿಗೆ ಎದಿಹಾಲು ಕುಡಸ್ತಿದ್ದಾಳ. ಒಂದು ಎದಿಗೆ ಕೂಸು, ಇನ್ನೊಂದಕ್ಕ ಪಂಪು. ಬಾಜೂಕ ಒಬ್ಬ ಗಂಡಸು ಓಟಗಾರ ಅಂಗಾತ ಬಿದ್ಕೊಂಡು ದಣಿವಾರಿಸ್ಕೊಳ್ಳಿಕ್ಕೆ ಹತ್ಯಾನ. ಫೋಟೋ ಜಗತ್ತಿನ ತುಂಬ ಹೋತು. ಆಕಿ ಹಿಂದ 2014ರಾಗ ಬಸುರಿದ್ದಾಗ ಸಿಕ್ಕಿದ್ದ ಜಾಗಾ ಬಿಡಬೇಕಾಗಿತ್ತು. ಕಾಲು ಮುರಕೊಂಡವರಿಗೆ ಮುಂದಿನ ವರ್ಷ ಓಡ್ರಿ ಅಂತ ಜಾಗಾ ಕಾಯ್ದಿಡೂ ನಿಯಮ ಇತ್ತು, ಬಸುರಿಯರಿಗೆ ಇರ್ಲಿಲ್ಲ. ಮುಂದ ಆಕಿಯಂಥವರು ಗುದ್ದಾಡಿದ ಮ್ಯಾಲೆ ನಿಯಮ ಬದಲಾತು. 2019ರ ಜನವರಿಯೊಳಗ ಜಾಸ್ಮಿನ್ ಪ್ಯಾರಿಸ್ ಅಂತ ಇನ್ನೊಬ್ಬಾಕಿ, ಪ್ರಾಣಿಗಳ ಡಾಕ್ಟರ್, ಬ್ರಿಟನ್ನಿನ್ಯಾಗ 268 ಮೈಲಿನ ಸ್ಪೈನ್ ರೇಸನ್ನ ಗಂಡಸರನ್ನೆಲ್ಲ ಹಿಂದ ಹಾಕಿ 83 ತಾಸಿನ್ಯಾಗ ಗೆದ್ದಳು. ದಾರಿ ಮ್ಯಾಲಿನ ಠಾಣೆಗೋಳಾಗ ನಿಂತು ಹದಿನಾಲ್ಕು ತಿಂಗಳ ಮಗಳಿಗೆ ಹಾಲು ತಗದಿಟ್ಟು ಓಡಿದ್ಳು.

ಇವರನ್ನ ನೋಡಿ ಎಲ್ಲಾರೂ ಬೆರಗಾದ್ರು, ಆಗಬೇಕಾದ್ದ. ಆದ್ರ 2022ರಾಗ ಕಿಲಿಯನ್ ಜೋರ್ನೆ ಶಾಮೊನಿ ಓಟ 19 ತಾಸು 49 ನಿಮಿಷಕ್ಕ ಗೆದ್ದ. ನಮ್ಮ ಮಗನ ದೇವರು ಅಂವ. ಆಗ ಅವಂಗ ಇಬ್ಬರು ಸಣ್ಣ ಹೆಣ್ಣುಮಕ್ಕಳು. ಆ ಇಪ್ಪತ್ತು ತಾಸಿನ ಒಂದೊಂದು ನಿಮಿಷದ ಕಥಿ ನಮ್ಮ ಮಗಂಗ ಬಾಯಿಪಾಠ. “ಮಕ್ಕಳು ಯಾರ ಕಡೆ ಇದ್ವೋ?” ಅಂತ ನಾ ಕೇಳಿದೆ. ಬಾಯಿ ತಗದು ನನ್ನ ನೋಡಿದ. ಆ ಪ್ರಶ್ನಿ ಅವನ ತೆಲಿಯೊಳಗ ಬಂದ ಇರ್ಲಿಲ್ಲ. ಜೋರ್ನೆ ಸಂಗಾತಿ ಎಮೆಲಿ ಫೋರ್ಸ್‌ಬರ್ಗ್ ಸುದ್ದಾ ಹೆಸರಾದ ಗುಡ್ಡ ಓಟಗಾರ್ತಿ, ಅದನ್ನ ಅವನ ಹೇಳಿದ. ಹೆಂಗಸು ಓಡಿದ್ರ ಎಲ್ಲಾರಿಗೂ ಮೊದಲ ಕಾಣೂದು ಕೂಸು. ಅಪ್ಪ ಓಡಿದ್ರ ಕಾಣೂದು ಗುಡ್ಡ.

ಹಂಗಾದ್ರ ಓಡೂದು ಬಿಡಬೇಕೇನು ಅಂತ ಮಗ ಸಿಟ್ಟಿಲೆ ಕೇಳಿದ. ಯಾರಂದ್ರು ಬಿಡು ಅಂತ? ಆ ಹದಿನೆಂಟೂವರಿ ತಾಸನ್ನ ಕ್ಯಾಲೆಂಡರ್ ಮ್ಯಾಲೆ ಎಲ್ಲಾರಿಗೂ ಕಾಣೂ ಹಂಗ ನೀನ ಬರಿ. ಆಕಿಗೆ ಅಷ್ಟ ತಾಸು ಕೊಡು. ಅಷ್ಟು ಕೊಡಲಿಕ್ಕೆ ಆಗಂಗಿಲ್ಲ ಅಂದ್ರ ನಿಂದು ಅಷ್ಟ ಇಳಸು, ಒಂಬತ್ತಕ್ಕ ಬಾ, 80 ಬಿಟ್ಟು 50 ಓಡು. ಆಕಿ ಆ ತಾಸಿನ್ಯಾಗ ಓಡ್ತಾಳೋ, ಸಿನೆಮಾಕ್ಕ ಹೋಗ್ತಾಳೋ, ಬಾಗಲಾ ಹಾಕ್ಕೊಂಡು ಮಲಗ್ತಾಳೋ, ಅದನ್ನ ಕೇಳೂ ಹಕ್ಕು ನಿನಗಿಲ್ಲ. ಓಟಕ್ಕ ರೊಕ್ಕ ಕಟ್ಟಿ ಆಮ್ಯಾಲೆ ಬಂದು ಹೇಳೂದಲ್ಲ, ಮೊದಲ ಕೇಳೂದು. ಎಲ್ಲಾಕ್ಕಿಂತ ಹೆಚ್ಚಾಗಿ, ರಾತ್ರಿ ಕೂಸಿಗೆ ಎದ್ದೇಳೂ ಪಾಳಿ ವಾರದಾಗ ನಾಲ್ಕು ನಿಂದು. ನಿದ್ದಿಗೆಟ್ಟು ಓಡೂದನ್ನ ನೀವು ಅಭ್ಯಾಸ ಅಂತ ಮಾಡ್ತೀರಂತಲ್ಲ, ಬ್ಯಾರೆ ಅಭ್ಯಾಸ ಯಾಕ ಬೇಕು?

ನನ್ನ ವಯಸ್ಸಿನ ಅತ್ತೆಗೋಳಿಗೂ ಒಂದು ಮಾತದ, ಬೈದ್ರೂ ಅಡ್ಡಿಯಿಲ್ಲ. ಮೊಮ್ಮಗುನ ನೋಡ್ಕೊಳ್ಳಿಕ್ಕೆ ನಾವು ಹೋಗ್ತೀವಿ, ಹೋಗಬೇಕು. ನಾವು ಹೋದ ಕೂಡ್ಲೆ ಮಗನ ಓಟ ವಾರಕ್ಕ ನಾಲ್ಕು ತಾಸು ಹೆಚ್ಚಾಗ್ತದ, ಸೊಸಿ ಕೆಲಸ ಒಂದು ತಾಸೂ ಕಡಿಮಿ ಆಗಂಗಿಲ್ಲ. ನಮ್ಮ ರಟ್ಟಿ ಬಲ ಯಾವ ಪರಡಿಗೆ ಹೋತು ಅಂತ ಒಮ್ಮೆ ನೋಡ್ರಿ. ಅವಂಗ ಹೇಳಬ್ಯಾಡ ಅನ್ನೂ ಮಾತು ನಮ್ಮ ಬಾಯಿಂದ ಎಷ್ಟು ಸಲ ಬಂದದ ಅಂತಾನೂ.

ಮುಂದಿನ ಓಟಕ್ಕ ಮತ್ತ ತಯಾರಿ ಶುರು ಆಗೇದ. ಮೊನ್ನೆ ಮಗ ಮೆಸೇಜ್ ಹಾಕಿದ್ದ, “ಅವ್ವಾ, ದಸರಾ ಮುಗದ ಮ್ಯಾಲೆ ಎರಡು ತಿಂಗಳು ಬಾ, ಪುಟ್ಟಿ ನೆನಸ್ತದ” ಅಂತ. ನಾ ಬರದೆ: “ಬರ್ತೀನಿ. ಶನಿವಾರ ನಿಂದು, ರವಿವಾರ ಮುಂಜಾನಿಯಿಂದ ರಾತ್ರಿತನಕ ಆಕಿದು. ರವಿವಾರ ನಾ ಪುಟ್ಟಿನ ಹಿಡಿಯಂಗಿಲ್ಲ, ನೀ ಹಿಡೀತಿ. ಸಂಜಿಮುಂದ ಅಲ್ಲಿ ಒಂದು ಗಾಯನ ಅದಂತ, ನಾ ಹೋಗ್ತೀನಿ. ಹೂಂ ಅಂದ್ರ ಟಿಕೀಟು ತಗಸು.”

ಎರಡು ನೀಲಿ ಗೆರಿ ಬಿದ್ದಾವ. ನಾಲ್ಕು ದಿನ ಆತು, ಟಿಕೀಟು ಇನ್ನೂ ಬಂದಿಲ್ಲ.